ಇಪ್ಪತ್ನಾಲ್ಕು ಮೀಟರ್ ಬಾಕಿ

ಆಗಸ್ಟ್‌ನಲ್ಲಿ ಒಬ್ಬ ಹುಡುಗಿ 800 ಮೀಟರನ್ನು 2 ನಿಮಿಷ 18.6 ಸೆಕೆಂಡಿನಲ್ಲಿ ಓಡಿದಳು. ನವೆಂಬರ್‌ನಲ್ಲಿ ಅದೇ ಓಟಕ್ಕೆ 2 ನಿಮಿಷ 26.4 ಸೆಕೆಂಡ್ ತಗೊಂಡಳು. ನಡುವೆ ಅವಳಿಗೆ ಜ್ವರ ಬಂದಿರಲಿಲ್ಲ. ಕಾಲು ಉಳುಕಿರಲಿಲ್ಲ. ಪ್ರಾಕ್ಟೀಸ್ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾದರೆ 7.8 ಸೆಕೆಂಡ್ ಎಲ್ಲಿ ಹೋಯಿತು?

ಅದನ್ನು ಹುಡುಕಿಕೊಟ್ಟವರು ಎಪ್ಪತ್ತು ದಾಟಿದ ನಮ್ಮ ಕೋಚ್, ನಾವೆಲ್ಲ ಮಾಸ್ತರ್ ಅನ್ನುವವರು. ಕಳೆದವನು, ಅರ್ಧಕ್ಕಿಂತ ಜಾಸ್ತಿ, ನಾನೇ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಈ ಪ್ರಕರಣವನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಮಾಸ್ತರರನ್ನು ಕೇಳಿದೆ. ಒಂದೇ ಷರತ್ತು ಹಾಕಿದರು: "ಹೆಸರು ಬ್ಯಾಡ. ಅಳತಿ ಮಾತ್ರ ಒಂದೂ ಬಿಡಬ್ಯಾಡ." ಹಾಗೇ ಮಾಡುತ್ತಿದ್ದೇನೆ.

ದಿವಾಣಜಿಯ ಮಗ

ಮಾಸ್ತರರ ಹುಟ್ಟೂರು ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಮನೆ ಇರುವುದು ಬಾಗಲಕೋಟೆ ನವನಗರದ ಒಂದು ಸೆಕ್ಟರ್‌ನಲ್ಲಿ. ಹುಡುಗನಾಗಿದ್ದಾಗ ಬರಿಗಾಲಲ್ಲಿ ಓಡುತ್ತಿದ್ದ ಹೊಳೆದಂಡೆಯೂ ಊರಿನ ಜೊತೆಗೇ ಮುಳುಗಿತು. "ನನ್ನ ಮೊದಲನೇ ಟ್ರ್ಯಾಕ್ ಮ್ಯಾಲೆ ಈಗ ಮೀನ ಓಡ್ತಾವ" ಅನ್ನುತ್ತಾರೆ. ಹೇಳುವಾಗ ನಗುತ್ತಾರೆ, ಆದರೆ ಆ ಮಾತನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ.

ಅವರ ತಂದೆ ಅಡತಿ ಅಂಗಡಿಯಲ್ಲಿ ದಿವಾಣಜಿ. ಕೀರ್ದಿ ಬರೆಯುವ ಕೆಲಸ. ಲೆಕ್ಕ ತಾಳೆ ಆಗುವವರೆಗೆ ರಾತ್ರಿ ಊಟಕ್ಕೆ ಏಳುತ್ತಿರಲಿಲ್ಲವಂತೆ. ಮಗ ಅಂಗಡಿ ಸೇರಲಿಲ್ಲ, ಆದರೆ ವಹಿ, ಅಂದರೆ ಲೆಕ್ಕದ ಪುಸ್ತಕ, ಬಿಡಲಿಲ್ಲ. ಕೆಂಪು ಬಟ್ಟೆ ಹೊದಿಕೆಯ ಉದ್ದನೆಯ ವಹಿ ಇರುತ್ತದಲ್ಲ, ಅಂಥದ್ದೇ. ಒಬ್ಬೊಬ್ಬ ಓಟಗಾರನಿಗೆ ಒಂದಿಷ್ಟು ಪುಟ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಓಡಿದ್ದು, ಉಂಡಿದ್ದು, ನಿದ್ದೆ ಮಾಡಿದ್ದು ಜಮಾ. ನೋವು, ಜ್ವರ, ಜಾತ್ರೆ, ಶೇಂಗಾ ಕೀಳಲು ಹೊಲಕ್ಕೆ ಹೋದ ದಿನ ಖರ್ಚು. ನನ್ನ ಪುಟಗಳೂ ಅವರ ಹತ್ತಿರ ಇವೆ. ಹತ್ತನೇ ಕ್ಲಾಸಿನ ಒಂದು ಸಾಲು ಹೀಗಿದೆ: "6 ಸುತ್ತು ಎಂದ. 5. ಸುಳ್ಳು." ಅದು ಖರ್ಚಿನ ಕಡೆ.

ಕಾಲೇಜಿನ ದಿನಗಳಲ್ಲಿ 1500, 5000 ಓಡುತ್ತಿದ್ದರು. ಹೆಸರು ಮಾಡುವಷ್ಟು ವೇಗ ಇರಲಿಲ್ಲ ಅಂತ ಅವರೇ ಹೇಳುತ್ತಾರೆ. ಸಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ, ಮಾಡಿ ಹೈಸ್ಕೂಲು ಸೇರಿದರು. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಪಟಿಯಾಲಕ್ಕೆ ಹೋದರು. ಅಲ್ಲಿನ ಮೋತಿಬಾಗ್ ಅರಮನೆಯಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, ಎನ್‌ಐಎಸ್ ಅಂತ ನಾವೆಲ್ಲ ಹೇಳುವುದು. ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಬರುವಾಗ ಸರ್ಟಿಫಿಕೇಟಿನ ಜೊತೆ ಒಂದು 50 ಮೀಟರಿನ ಸ್ಟೀಲ್ ಟೇಪು ತಂದರು. ಸರ್ಟಿಫಿಕೇಟ್ ಮನೆ ಬದಲಾಯಿಸುವಾಗ ಕಳೆದುಹೋಗಿದೆ. ಟೇಪು ಇದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಬಟ್ಟೆ ಟೇಪು ಹಿಗ್ಗುತ್ತದೆ, ಅದನ್ನು ಮುಟ್ಟುವುದೇ ಇಲ್ಲ.

ಅವರ ಹತ್ತಿರ ಸೇರಿದ ಮೊದಲನೇ ತಿಂಗಳು ನಾವು ಓಡಿದ್ದಕ್ಕಿಂತ ಟೇಪು ಹಿಡಿದಿದ್ದೇ ಜಾಸ್ತಿ. 400 ಮೀಟರಿನ ಟ್ರ್ಯಾಕ್‌ಗೆ ಸ್ಟ್ರೇಟ್ ಅಂದರೆ ನೇರ ಭಾಗ 84.39, ಬಾಗಿದ ಭಾಗದ ಒಳಗಿನ ತ್ರಿಜ್ಯ 36.50. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕು. ಲೇನ್ ಅಗಲ 1.22. ಇದೆಲ್ಲ ಯಾಕೆ ಸರ್ ಅಂತ ಕೇಳಿದರೆ ಎರಡು ಕತೆ ಹೇಳುತ್ತಿದ್ದರು. ಒಂದು ಬೆಳಗಾವಿಯ ಫಡೆಪ್ಪ ಚೌಗುಲೆ ಅವರದು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೇಯವರಾಗಿ ಬಂದವರು. ಬೇರೆಯವರು ಈ ಕತೆ ಹೇಳಿದರೆ 19ಕ್ಕೆ ನಿಲ್ಲಿಸುತ್ತಾರೆ. ಮಾಸ್ತರ್ ಅಲ್ಲಿಂದ ಶುರು ಮಾಡುತ್ತಾರೆ. ಆ ವರ್ಷದ ಮ್ಯಾರಥಾನ್ 42.195 ಕಿಲೋಮೀಟರ್ ಅಲ್ಲ, 42.75. "555 ಮೀಟರ್ ಜಾಸ್ತಿ ಓಡ್ಯಾನ ನಮ್ಮ ಚೌಗುಲೆ! ಅದನ್ನ ಯಾರೂ ಜಮಾ ಹಿಡಿಯೂದಿಲ್ಲ."

ಇನ್ನೊಂದು ಪಿ.ಟಿ. ಉಷಾ ಅವರದು, ಎಲ್ಲರಿಗೂ ಗೊತ್ತಿರುವುದೇ. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್. 55.42. ಮೂರನೆಯವಳದು 55.41. ಮಾಸ್ತರ್ ಇದನ್ನು ಸೆಕೆಂಡಿನಲ್ಲಿ ಹೇಳುವುದಿಲ್ಲ. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಏಳು ಸೆಂಟಿಮೀಟರ್ ಅಂತ ಹೇಳಿ, ಹೆಬ್ಬೆರಳು ಮತ್ತು ತೋರುಬೆರಳು ಅಗಲಿಸಿ ತೋರಿಸುತ್ತಾರೆ. ಇಷ್ಟು. ಇಷ್ಟಕ್ಕೆ ಪದಕ ಹೋಯಿತು.

ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಅದು ಶುರುವಾದ 1985ರಲ್ಲೇ ಸಿಕ್ಕಿತು. ನಮ್ಮ ಕರ್ನಾಟಕದ ಎನ್. ಲಿಂಗಪ್ಪ ಅವರಿಗೆ ಸಿಕ್ಕಿದ್ದು 2014ರಲ್ಲಿ, ಇಳಿವಯಸ್ಸಿನಲ್ಲಿ. ನಮ್ಮ ಮಾಸ್ತರರಂಥವರಿಗೆ ಇಂಥದ್ದೆಲ್ಲ ಬರುವುದಿಲ್ಲ ಬಿಡಿ. ಅವರ ಕೈಯಲ್ಲಿ ಒಲಿಂಪಿಕ್ಸ್‌ಗೆ ಹೋದವರು ಯಾರೂ ಇಲ್ಲ. ಸೈನ್ಯಕ್ಕೆ, ಪೊಲೀಸಿಗೆ, ರೈಲ್ವೆಗೆ ಹೋದವರು ಇದ್ದಾರೆ. ನನ್ನಂಥ ಪಿ.ಟಿ. ಮಾಸ್ತರುಗಳಂತೂ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಸೈನ್ಯ ಅಂದಾಗ ನೆನಪಾಯಿತು. ಭರ್ತಿಗೆ ಹೋಗುವ ಹುಡುಗರಿಗೆ ವರ್ಷಗಟ್ಟಲೆ ಇದ್ದ ನಿಯಮ ಇದು: 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ನಮ್ಮ ಕಡೆ ಹುಡುಗರು ಬೆಳಿಗ್ಗೆ ರೋಡಿನಲ್ಲಿ ಓಡುತ್ತಾರೆ, ಬೈಕಿನ ಮೀಟರ್ ನೋಡಿ 1.6 ಗುರುತು ಮಾಡಿಕೊಂಡು. ಊರಲ್ಲಿ ಐದು ಇಪ್ಪತ್ತು ಬರುತ್ತದೆ, ಭರ್ತಿಯಲ್ಲಿ ಐದು ನಲವತ್ತು. ಒಂದು ಊರಿನ ಹುಡುಗರೆಲ್ಲ ಹೀಗೇ ವಾಪಸ್ ಬಂದಾಗ ಮಾಸ್ತರ್ ಟೇಪು ತಗೊಂಡು ಹೋದರು. 50 ಮೀಟರಿನ ಟೇಪನ್ನು 32 ಸಲ ಹಾಸಿ ಅಳೆದರು. ಹುಡುಗರ ಗುರುತು ಎಂಬತ್ತು ಮೀಟರ್ ಹಿಂದಿತ್ತು. ಸರಿಯಾದ ಜಾಗದ ವಿದ್ಯುತ್ ಕಂಬಕ್ಕೆ ಬಿಳಿ ಬಣ್ಣ ಬಳಿದು ಬಂದರು.

ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಹೀಗಿದ್ದೂ ಮುಂದಿನದು ಆಯಿತು.

ಹುಡುಗಿ

ಒಂಬತ್ತನೇ ಕ್ಲಾಸಿನಲ್ಲಿ ಕಣ್ಣಿಗೆ ಬಿದ್ದಳು. ತೆಳ್ಳಗೆ, ಉದ್ದ ಕಾಲು. ತಂದೆಗೆ ಎರಡೂವರೆ ಎಕರೆ ಕಬ್ಬು. ಓಡುವಾಗ ತಲೆ ಅಲ್ಲಾಡುವುದಿಲ್ಲ, ಭುಜ ಏಳುವುದಿಲ್ಲ. ಊರಿನವರು "ಮುಧೋಳ ನಾಯಿ ಓಡಿದಂಗ ಓಡ್ತಾಳ" ಅನ್ನುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅದು ಬೈಗುಳ ಅಲ್ಲ, ಇದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದು ಕಷ್ಟ.

ಮಾಸ್ತರರಿಗೆ ತೋರಿಸಿದೆ. ಒಂದು ದಿನ ನೋಡಿದರು. 800ಕ್ಕೆ ಹಾಕೋಣ ಅಂದರು. ಆಗ ಅವರ ಮೊಣಕಾಲು ಹಿಡಿದುಕೊಂಡಿತ್ತು, ಬಸ್ ಹತ್ತಿ ಇಳಿಯುವುದು ಕಷ್ಟ. ಹಾಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ಪ್ಲ್ಯಾನ್ ಅವರದು, ಓಡಿಸುವುದು ನನ್ನದು. ಪ್ರತಿ ಸಂಜೆ ಟೈಮ್‌ಗಳನ್ನು ವಾಟ್ಸ್ಆ್ಯಪ್ ಮಾಡುತ್ತಿದ್ದೆ. ಅವರು ವಹಿಯಲ್ಲಿ ಬರೆದುಕೊಂಡು ಮರುದಿನದ ಪ್ಲ್ಯಾನ್ ಹೇಳುತ್ತಿದ್ದರು. ಅವರ ಕಣ್ಣು ಅಂದರೆ ನನ್ನ ಸ್ಟಾಪ್‌ವಾಚ್, ಅವರ ಕಾಲು ಅಂದರೆ ನಾನು ಹಾಕಿದ ಸುಣ್ಣದ ಗೆರೆ.

ಮೂರು ಮೀಟರ್

ನಮ್ಮ ಶಾಲೆ ಮೈದಾನದಲ್ಲಿ 200 ಮೀಟರಿನ ಟ್ರ್ಯಾಕ್ ಕೂರುತ್ತದೆ. ಹಾಕುವ ರೀತಿ ಸುಲಭ. ನಡುವೆ ಎರಡು ಗೂಟ, 40 ಮೀಟರ್ ದೂರದಲ್ಲಿ. ಒಂದೊಂದು ಗೂಟಕ್ಕೂ ಹಗ್ಗ ಕಟ್ಟಿ 18.90 ಮೀಟರಿಗೆ ಅರ್ಧ ವೃತ್ತ ಎಳೆಯಬೇಕು. ಎರಡನ್ನೂ ನೇರ ಗೆರೆಯಿಂದ ಸೇರಿಸಿದರೆ ಒಳಗಿನ ಗೆರೆ ಸಿದ್ಧ. ಓಟದ ಅಳತೆ ಗೆರೆಯ ಮೇಲೆ ಅಲ್ಲ, ಅದರಿಂದ 20 ಸೆಂಟಿಮೀಟರ್ ಹೊರಗೆ. ಸ್ಟೇಡಿಯಂಗಳಲ್ಲಿ ಇರುವ ಹಾಗೆ ಒಳಗೆ ಎತ್ತರದ ಅಂಚು ಇದ್ದರೆ 30. ನಮ್ಮದು ಬರೀ ಗೆರೆ, ಹಾಗಾಗಿ ಲೆಕ್ಕಕ್ಕೆ 19.10. ಎರಡು ಕರ್ವ್ ಸೇರಿ 120, ಎರಡು ಸ್ಟ್ರೇಟ್ ಸೇರಿ 80. ಒಟ್ಟು 200.

ಅವಳು ಹತ್ತನೇ ಕ್ಲಾಸಿಗೆ ಬಂದ ವರ್ಷ ಪೂರ್ವದ ತುದಿಯಲ್ಲಿ ಹೊಸ ಕೋಣೆಗಳು ಬಂದವು. ಬೇಸಿಗೆ ರಜೆಯಲ್ಲಿ ಕಟ್ಟಿದರು. ಜೂನ್‌ನಲ್ಲಿ ಬಂದು ನೋಡಿದರೆ ಕರ್ವ್‌ನ ಹೊರಗಿನ ಲೇನ್‌ಗಳು ಮೆಟ್ಟಿಲ ಮೇಲೆ ಹೋಗುತ್ತಿವೆ! ಮಳೆ ಬೇರೆ. ಸುಣ್ಣದ ಪುಡಿ ಇದ್ದದ್ದು ಒಂದೇ ಚೀಲ. ಗೂಟವನ್ನು ಮೂರು ಮೀಟರ್ ಒಳಗೆ ತಂದೆ. ಹಗ್ಗ ಅಷ್ಟೇ ಇಟ್ಟೆ. ಗೆರೆ ಎಳೆದೆ. ಸುಮ್ನೆ ಪ್ರಾಕ್ಟೀಸ್‌ಗೆ ಅಲ್ವಾ, ಆಮೇಲೆ ಸರಿ ಮಾಡಿದರಾಯಿತು ಅಂದುಕೊಂಡೆ.

ಆ ಆಮೇಲೆ ಬರಲೇ ಇಲ್ಲ. ನಾಲ್ಕು ದಿನಕ್ಕೆ ಮರೆತೂ ಹೋಯಿತು. ಮಳೆಗೆ ಗೆರೆ ಅಳಿಸಿದಾಗೆಲ್ಲ ಅದೇ ಗೂಟದಿಂದ ಮತ್ತೆ ಎಳೆಯುತ್ತಿದ್ದೆ. ಆಗಸ್ಟ್‌ನಲ್ಲಿ ತಾಲ್ಲೂಕು ಕ್ರೀಡಾಕೂಟ ನಮ್ಮ ಶಾಲೆಯಲ್ಲೇ ನಡೆಯಿತು, ಅದೇ ಟ್ರ್ಯಾಕ್‌ನಲ್ಲಿ. ಹುಡುಗಿ 2:18.6 ಓಡಿದಳು. ಎರಡನೆಯವಳು ಅರ್ಧ ಸುತ್ತು ಹಿಂದೆ. ಪೇಪರಿನಲ್ಲಿ ಫೋಟೋ ಬಂತು. ಹೆಡ್‌ಮಾಸ್ತರ್ ಪೇಂಟರನ್ನು ಕರೆಸಿ ಆಫೀಸಿನ ಗೋಡೆ ಮೇಲೆ ಅವಳ ಹೆಸರು, ಟೈಮ್ ಎರಡೂ ಬರೆಸಿದರು.

ಎಚ್ಚರಿಕೆ ಸಿಕ್ಕಿರಲಿಲ್ಲ ಅಂತ ಹೇಳಲಾರೆ. ಜಿಲ್ಲಾ ಕೂಟದಲ್ಲಿ ಗೆದ್ದಳು, ಟೈಮ್ 2:29. ಟ್ರ್ಯಾಕ್ ಕೆಸರಾಗಿತ್ತು. ವಿಭಾಗ ಮಟ್ಟದಲ್ಲಿ ಎರಡನೇ ಸ್ಥಾನ, 2:25. ಅವತ್ತು ಗಾಳಿ ಜೋರಿತ್ತು. ಮಾಸ್ತರ್ ಫೋನಿನಲ್ಲಿ "ಟೈಮ್ ಎಷ್ಟು?" ಅಂದರು. ನಾನು "ಸೆಲೆಕ್ಟ್ ಆದಳ್ರೀ ಸರ್" ಅಂದೆ. ಮತ್ತೆ ಕೇಳಿದಾಗ ಟೈಮ್ ಹೇಳಿ, ಅದರ ಹಿಂದೆಯೇ ಗಾಳಿ ಕತೆ ಹೇಳಿದೆ. ಗೆದ್ದ ದಿನ ಟೈಮ್ ಯಾರು ನೋಡುತ್ತಾರೆ ಹೇಳಿ.

ನವೆಂಬರ್

ರಾಜ್ಯ ಮಟ್ಟದ ಕೂಟ ಬೇರೆ ಜಿಲ್ಲೆಯಲ್ಲಿ, ಸಿಂಥೆಟಿಕ್ ಟ್ರ್ಯಾಕ್. ಮಾಸ್ತರ್ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ರಾತ್ರಿ ಬಸ್ಸಿಗೆ ಬಂದೇಬಿಟ್ಟರು. ಪ್ಲ್ಯಾನ್ ಸರಳ. ಮೊದಲನೇ ಲ್ಯಾಪ್, ಅಂದರೆ 400 ಮೀಟರಿನ ಸುತ್ತು, 68 ಸೆಕೆಂಡ್, ಎರಡನೇದು 70. ಅಲ್ಲಿಗೆ 2:18. ಫೈನಲ್ ಗ್ಯಾರಂಟಿ.

ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಆರಿಸುವ ಓಟದಲ್ಲಿ, ಅವಳಿಗೆ ಏಳನೇ ಲೇನ್. 800ರಲ್ಲಿ ಮೊದಲನೇ ಕರ್ವ್ ಮಾತ್ರ ಅವರವರ ಲೇನ್‌ನಲ್ಲಿ ಓಡಬೇಕು. ಅದು ಮುಗಿದ ಕಡೆ ಒಂದು ಗೆರೆ ಇರುತ್ತದೆ, ಅಲ್ಲಿಂದ ಎಲ್ಲರೂ ಒಳಕ್ಕೆ ಬರಬಹುದು. ನಮ್ಮ ಪುಟ್ಟ ಟ್ರ್ಯಾಕ್‌ನಲ್ಲಿ ಇದನ್ನು ಕಲಿಸಲು ಆಗಿರಲಿಲ್ಲ. ಅವಳು ಒಳಕ್ಕೆ ಬರುವಷ್ಟರಲ್ಲಿ ಮುಂದೆ ಮೂವರು ಗುಂಪಾಗಿದ್ದರು. ಎರಡು ಕರ್ವ್ ಪೂರ್ತಿ ಎರಡನೇ ಲೇನ್‌ನಲ್ಲೇ, ಇನ್ನೊಬ್ಬಳ ಮಗ್ಗುಲಲ್ಲಿ ಓಡಿದಳು. ಕೊನೆಯ ಲ್ಯಾಪಿನ ಗಂಟೆ ಹೊಡೆದಾಗ ಎರಡನೇ ಸ್ಥಾನ. ನನ್ನ ವಾಚ್‌ನಲ್ಲಿ 67.4. ನಾನು ಕುಣಿದೆ. ಮಾಸ್ತರ್ ಮಾತ್ರ ಅವಳ ಭುಜ ನೋಡುತ್ತಿದ್ದರು.

600ರ ಹತ್ತಿರ ಭುಜ ಎದ್ದಿತು. ಅದೇ ಹುಡುಗಿ, ಎಂದೂ ಭುಜ ಎತ್ತದವಳು. ಕೊನೆಯ ಸ್ಟ್ರೇಟ್‌ನಲ್ಲಿ ನಾಲ್ವರು ದಾಟಿ ಹೋದರು. ಎರಡನೇ ಲ್ಯಾಪ್ 79 ಸೆಕೆಂಡ್. ಗೆರೆ ದಾಟಿ ಮೊಣಕಾಲ ಮೇಲೆ ಕೈ ಇಟ್ಟು ನಿಂತಳು, ಆಮೇಲೆ ಕೂತಳು.

ವಾಪಸ್ ಬಂದಾಗ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ಹೆದರಿಕೊಂಡಳು. ಸ್ಪೈಕ್ಸ್ ಹೊಸದು. ರಕ್ತ ಕಮ್ಮಿ ಇರಬೇಕು. ಸ್ಟಾಫ್ ರೂಮಿನಲ್ಲಿ ಒಬ್ಬರು "ತಾಲ್ಲೂಕಿನಾಗ ಹುಲಿ, ರಾಜ್ಯದಾಗ ಇಲಿ" ಅಂದರು. ಅವಳ ತಂದೆ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಶಾಲೆಗೆ ಬಂದು, "ಸಾಕು ಬಿಡ್ರೀ ಸರ. ಎಸ್ಸೆಸ್ಸೆಲ್ಸಿ ವರ್ಷ. ಓದಿಕೊಂಡಿರ್ಲಿ" ಅಂದರು. ಕ್ರೀಡಾ ಹಾಸ್ಟೆಲ್ ಸೆಲೆಕ್ಷನ್‌ಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಮಾಸ್ತರ್ ಮೊದಲು ಮಾಡಿದ್ದು ರಕ್ತ ಪರೀಕ್ಷೆ. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅವಳದು 12.4. ವಹಿಯಲ್ಲಿ ಆ ಕಾರಣದ ಮೇಲೆ ಗೀಟು ಎಳೆದರು. "ಸೋಮವಾರ ನಿಮ್ಮ ಗ್ರೌಂಡಿಗೆ ಬರ್ತೀನಿ" ಅಂದರು.

ನಲವತ್ತೆಂಟು ಹೆಜ್ಜೆ

ಬೆಳಿಗ್ಗೆ ಆರೂವರೆ. ಮಂಜು ಇತ್ತು. ಕೈಯಲ್ಲಿ ಎಣ್ಣೆ ಬಟ್ಟೆಯ ಗಂಟು. ಚಹಾ ಬೇಡ ಅಂದರು. ಸೀದಾ ಸ್ಟ್ರೇಟ್‌ನ ಶುರುವಿಗೆ ಹೋಗಿ ನಡೆಯತೊಡಗಿದರು.

ಮಾಸ್ತರರ ನಡಿಗೆಗೂ ಅಳತೆ ಇದೆ. ನೂರು ಮೀಟರಿಗೆ 131 ಹೆಜ್ಜೆ. ಮೊದಲು 120 ಇತ್ತು, ಮೊಣಕಾಲು ಕೆಟ್ಟ ಮೇಲೆ ಮತ್ತೆ ಅಳೆದುಕೊಂಡು ಸರಿ ಮಾಡಿಕೊಂಡಿದ್ದಾರೆ. 40 ಮೀಟರಿಗೆ 52 ಬರಬೇಕು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಕರ್ವ್ ಶುರುವಾಗುವ ಕಡೆ ನಿಂತರು. ಕೆಳಗೆ ನೋಡಿದರು. ಹಿಂತಿರುಗಿ ಮತ್ತೆ ನಡೆದು ಬಂದರು.

"ನಲವತ್ತೆಂಟು" ಅಂದರು.

ಆ ಕ್ಷಣಕ್ಕೆ ಎಲ್ಲ ನೆನಪಾಯಿತು ನನಗೆ. ಜೂನ್, ಮಳೆ, ಮೆಟ್ಟಿಲು, ಒಂದು ಚೀಲ ಸುಣ್ಣ. ಬಾಯಿ ಒಣಗಿತು. ಮಾಸ್ತರ್ ಏನೂ ಕೇಳದೆ ಟೇಪು ಬಿಚ್ಚಿ ಸೊನ್ನೆಯ ತುದಿ ತಾವು ಹಿಡಿದುಕೊಂಡರು. ಓದುವ ತುದಿ ನನಗೆ ಕೊಟ್ಟರು. ಚಿಕ್ಕವರಿದ್ದಾಗ ಯಾವಾಗಲೂ ಸೊನ್ನೆ ನಮಗೆ, ಓದುವುದು ಅವರಿಗೆ.

"ಎಷ್ಟೈತಿ?"

"ಮೂವತ್ತೇಳ್ರೀ."

"ಜೋರಾಗಿ ಹೇಳು."

"37.00 ಐತ್ರೀ ಸರ್."

ಇನ್ನೊಂದು ಸ್ಟ್ರೇಟೂ ಅಳೆದರು. ಅದೂ 37. ಹಗ್ಗದ ಅಳತೆ ನೋಡಿದರು, 18.90 ಸರಿ ಇತ್ತು. ನಾನು ಆಗ ಹೇಳಿದೆ, ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಟೇಪಿನ ಮಣ್ಣು ಒರೆಸುತ್ತಾ ಒರೆಸುತ್ತಾ ಸುತ್ತಿಕೊಂಡರು, ಧ್ವಜಕಟ್ಟೆ ಮೇಲೆ ಕೂತು ವಹಿ ತೆಗೆದರು.

7.8

ಸುತ್ತು 200 ಅಲ್ಲ, 194. ನಾಲ್ಕು ಸುತ್ತಿಗೆ 776. ಅಂದರೆ 24 ಮೀಟರ್ ಕಮ್ಮಿ. ಆಗಸ್ಟ್‌ನಲ್ಲಿ ಅವಳು ಓಡಿದ ವೇಗದಲ್ಲಿ 24 ಮೀಟರಿಗೆ 4.3 ಸೆಕೆಂಡ್ ಬೇಕು. ಆ ದಿನದ ನಿಜವಾದ ಟೈಮ್ 2:22.9. ಇದಿಷ್ಟು ನನ್ನ ಖಾತೆಗೆ.

ಇನ್ನು 3.5 ಉಳಿಯಿತು. ಎರಡು ಕರ್ವ್ ಎರಡನೇ ಲೇನ್‌ನಲ್ಲಿ ಓಡಿದ್ದಳಲ್ಲ, ದೊಡ್ಡ ಟ್ರ್ಯಾಕ್‌ನಲ್ಲಿ ಒಂದೊಂದು ಕರ್ವ್‌ಗೆ ಸುಮಾರು ಮೂರೂವರೆ ಮೀಟರ್ ಜಾಸ್ತಿ. ಎರಡಕ್ಕೆ ಏಳು. ಅದು 1.3 ಸೆಕೆಂಡ್. ಇದನ್ನು ಹುಡುಗಿ ಹೆಸರಿಗೆ ಬರೆಯಲು ಹೊರಟು ನಿಲ್ಲಿಸಿದರು. "ಒಳಗ ಬರೂದು ಕಲಿಸಿದ್ದೇನು?" ಅಂದರು. ಇಲ್ಲ ಅಂದೆ. ಅದೂ ನನ್ನ ಖಾತೆಗೇ ಬಂತು.

ಉಳಿದದ್ದು 2.2. ಪೆನ್ನು ಅಲ್ಲೇ ತಡೆಯಿತು. ನನಗೆ ಹೊಳೆದಿರಲಿಲ್ಲ, ಅವರಿಗೆ ಹೊಳೆದಿತ್ತು. 2:22.9ರ ಹುಡುಗಿ ಮೊದಲನೇ ಲ್ಯಾಪ್ 70, 71ರಲ್ಲಿ ಹೋಗಬೇಕು. ಅವಳನ್ನು 68ಕ್ಕೆ ಕಳಿಸಿದ್ದೆವು. ಅವಳು ಹೇಳಿದ ಮಾತು ಕೇಳುವವಳು, 67.4ರಲ್ಲಿ ಹೋದಳು. ಮೊದಲ ಲ್ಯಾಪ್‌ನಲ್ಲಿ ಹೀಗೆ ಮೂರು ಸೆಕೆಂಡ್ ಜಾಸ್ತಿ ವೇಗ ತಗೊಂಡರೆ, ಕೊನೆಯ ಇನ್ನೂರರಲ್ಲಿ ಅದು ಬಡ್ಡಿ ಸಮೇತ ಹೋಗುತ್ತದೆ. 800 ಓಡಿದವರಿಗೆ ತೊಡೆಯೇ ಹೇಳುತ್ತದೆ ಇದನ್ನು. ಆ 68 ಬರೆದವರು ಮಾಸ್ತರ್. 2.2ರ ಮುಂದೆ ತಮ್ಮ ಹೆಸರು ಬರೆದರು.

"ಸರ್, ಅದೂ ನನ್ನದೇ. ಟೈಮ್ ತಪ್ಪು ಕೊಟ್ಟವನು ನಾನು" ಅಂದೆ.

"ನೀ ಕೊಟ್ಟದ್ದನ್ನ ಅಳೀಲಾರದ ನಂಬಿದ್ದು ಯಾರು? ಮೊಣಕಾಲು ನೋವು ನನ್ನ ಖರ್ಚಿನ ಕಡೆ ಬರತೈತಿ, ಆಕಿ ಕಡೆ ಅಲ್ಲ."

ಆಮೇಲೆ ವಹಿಯ ಹಿಂದಿನ ಪುಟಗಳಿಗೆ ಹೋದರು. ನನಗೆ ಜಾಸ್ತಿ ಚುಚ್ಚಿದ್ದು ಅದೇ. ಜೂನ್‌ನಿಂದ ನವೆಂಬರ್‌ವರೆಗೆ ಒಂದೊಂದು ದಿನದ ಟೈಮ್. ನಾವು 400 ಅಂದುಕೊಂಡಿದ್ದು 388. 74 ಸೆಕೆಂಡ್ ಅಂತ ಬರೆದದ್ದು ನಿಜವಾಗಿ 76.3. ಟೈಮ್ ಚೆನ್ನಾಗಿ ಬರುತ್ತಿದೆ ಅಂತ ಅವರು ಗುರಿ ಏರಿಸುತ್ತಾ ಹೋಗಿದ್ದರು, ನಡುವಿನ ವಿಶ್ರಾಂತಿ ಕಮ್ಮಿ ಮಾಡುತ್ತಾ ಹೋಗಿದ್ದರು. ಇಷ್ಟಾದರೂ ಅವಳು ಒಂದು ದಿನ ಆಗಲ್ಲ ಅನ್ನಲಿಲ್ಲ. ಮಾಸ್ತರ್ ಕೆಂಪು ಪೆನ್ನಿನಿಂದ ಒಂದೊಂದಾಗಿ ತಿದ್ದಿದರು. ಪ್ರಾರ್ಥನೆಯ ಗಂಟೆ ಹೊಡೆಯಿತು, ಮಕ್ಕಳು ಸಾಲಾಗಿ ನಿಂತರು, ನಾಡಗೀತೆ ಮುಗಿಯಿತು. ಅವರು ಧ್ವಜಕಟ್ಟೆಯಿಂದ ಎದ್ದು ನಿಂತಿದ್ದು ಅಷ್ಟೇ ಹೊತ್ತು. ಮತ್ತೆ ಕೂತು ತಿದ್ದಿದರು.

ಕಾಟಾ

ಇಷ್ಟನ್ನು ಹುಡುಗಿಗೆ ಹೇಗೆ ಹೇಳುವುದು? ಗೋಡೆ ಮೇಲೆ ಅವಳ ಹೆಸರಿದೆ. ಪೇಪರಿನ ತುಣುಕನ್ನು ಮನೆಯಲ್ಲಿ ಕಟ್ಟು ಹಾಕಿಸಿದ್ದಾರೆ. 2:18.6 ಸುಳ್ಳು ಅಂದರೆ ಉಳಿದದ್ದೂ ಹೋಗುವುದಿಲ್ಲವೇ? ಹೆಡ್‌ಮಾಸ್ತರ್ ಹೇಳಿದ್ದೂ ಅದೇ. ಟ್ರ್ಯಾಕ್ ಸುಮ್ನೆ ಸರಿ ಮಾಡಿಬಿಡಿ, ಗೋಡೆ ಇರಲಿ, ಯಾರಿಗೆ ಗೊತ್ತಾಗುತ್ತದೆ. ನನ್ನ ಒಳಮನಸ್ಸಿಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾಸ್ತರ್ ಸಂಜೆ ಅವಳ ಮನೆಗೆ ನಡೆದರು. ನಾನು ಹಿಂದೆ. ಕಟ್ಟೆ ಮೇಲೆ ಕಂಬಳಿ ಹಾಸಿದರು. ಅವಳ ತಾಯಿ ಚುರುಮುರಿ ತಂದಿಟ್ಟರು. ಮಾಸ್ತರ್ ವಹಿ ಬಿಚ್ಚಿ ತಂದೆಯ ಮುಂದಿಟ್ಟು ಎಲ್ಲ ಲೆಕ್ಕ ಹೇಳಿದರು, ಒಂದೂ ಬಿಡದೆ. ನಾನು ಗೂಟ ಸರಿಸಿದ್ದು, ಅವರು 68 ಬರೆದದ್ದು. ತಂದೆ ಓದಿದ್ದು ಏಳನೇ ಕ್ಲಾಸು. 194, 776 ಅಂತ ಕೇಳುತ್ತಾ ಸುಮ್ಮನಿದ್ದರು. ಅರ್ಥ ಆಗುತ್ತಿಲ್ಲ ಅಂದುಕೊಂಡೆ.

ನಮ್ಮ ಕಡೆ ಕಬ್ಬು ಬೆಳೆಯುವವರಿಗೆ ಒಂದು ಹಳೇ ಸಂಕಟ ಇದೆ. ಹೊಲದಲ್ಲಿ ಕಡಿಯುವಾಗ ಒಂದು ಅಂದಾಜು ಇರುತ್ತದೆ, ಫ್ಯಾಕ್ಟರಿ ಕಾಟಾದ ಮೇಲೆ ಟ್ರ್ಯಾಕ್ಟರ್ ಹತ್ತಿದಾಗ ಇನ್ನೊಂದು ತೂಕ ಬರುತ್ತದೆ. ಕಾಟಾ ಹೊಡೆದರು ಅನ್ನುತ್ತಾರೆ. ಪ್ರತಿ ವರ್ಷ ಆ ಜಗಳ ಇದ್ದದ್ದೇ.

ಅವಳ ತಂದೆ ಬಹಳ ಹೊತ್ತಿನ ಮೇಲೆ ತಲೆ ಎತ್ತಿದರು. "ಅಂದ್ರ ಕಾಟಾ ತಪ್ಪಿತ್ತು ಅನ್ರಿ. ಕಬ್ಬು ಸರಿನೇ ಇತ್ತು."

"ಹೌದು" ಅಂದರು ಮಾಸ್ತರ್. "ಕಬ್ಬು ಸರಿ ಐತಿ."

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಹೊರಗೆ ಬಂದಳು. ಅಳುತ್ತಾಳೆ ಅಂತ ನಾನು ತಲೆ ತಗ್ಗಿಸಿದ್ದೆ. ಅವಳು ಕೇಳಿದ್ದು ಬೇರೆಯೇ. "ಸರ, ಹಂಗಾರ ನಾ ಆಗಸ್ಟ್‌ನ್ಯಾಗ 2:22 ಇದ್ದೆ, 68ರಾಗ ಹೋಗಲಾರದ ಸರಿ ಓಡಿದ್ರ ನವೆಂಬರಿನ್ಯಾಗ ಎಷ್ಟ ಬರ್ತಿತ್ತು?" ಮಾಸ್ತರ್ ವಹಿ ಅವಳ ಕೈಗೆ ಕೊಟ್ಟು, ನೀನೇ ಲೆಕ್ಕ ಹಾಕು ಅಂದರು. ಚುರುಮುರಿ ತಿನ್ನುತ್ತಾ ಹಾಕಿದಳು. ತಂದೆ ಹಾಸ್ಟೆಲ್ ವಿಷಯ ಅವತ್ತು ಎತ್ತಲಿಲ್ಲ. ಬೇಡ ಅಂತಲೂ ಹೇಳಲಿಲ್ಲ.

ಆಮೇಲೆ

ಗೋಡೆಯ ಮೇಲಿನ ಟೈಮನ್ನು ನಾನೇ ಸುಣ್ಣ ಬಳಿದು ಅಳಿಸಿದೆ. ಹೆಸರು ಹಾಗೇ ಇದೆ, ಗೆದ್ದದ್ದು ಸುಳ್ಳಲ್ಲವಲ್ಲ. ಆ ದಿನ ಓಡಿದ ಎಲ್ಲರೂ 776 ಮೀಟರ್ ಓಡಿದ್ದರು, ಹಾಗಾಗಿ ಸ್ಥಾನಗಳು ಬದಲಾಗಲಿಲ್ಲ. ಕೂಟದ ಟೈಮ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಬೇರೆ ಶಾಲೆಗಳ ಪಿ.ಟಿ. ಶಿಕ್ಷಕರಿಗೆ ಫೋನ್ ಮಾಡಿ ಹೇಳಿದೆ. ಇಬ್ಬರು ನಕ್ಕರು. ಒಬ್ಬರು, "ನಮ್ಮ ಗ್ರೌಂಡೂ ಒಮ್ಮೆ ಅಳೀಬೇಕು, ಟೇಪು ಕೊಡಿಸ್ತೀರೇನು?" ಅಂದರು.

ಟ್ರ್ಯಾಕ್ ಸರಿ ಮಾಡುವುದು ಎಷ್ಟು ಸುಲಭ ಇತ್ತು ಅಂತ ಮಾಸ್ತರ್ ತೋರಿಸಿದಾಗ ನಾಚಿಕೆಯಾಯಿತು. ಸ್ಟ್ರೇಟ್ 37 ಇರಲಿ. ಹಗ್ಗವನ್ನು 95 ಸೆಂಟಿಮೀಟರ್ ಉದ್ದ ಮಾಡಿದರೆ ಸಾಕು, ಎರಡು ಕರ್ವ್ ಸೇರಿ ಆ ಆರು ಮೀಟರ್ ವಾಪಸ್ ಬರುತ್ತದೆ. ಅಗಲಕ್ಕೆ ಜಾಗ ಇತ್ತು. ಎರಡೂ ಗೂಟವನ್ನು ಪಶ್ಚಿಮಕ್ಕೆ ಒಂದು ಮೀಟರ್ ಜರುಗಿಸಿದರೆ ಮೆಟ್ಟಿಲಿಗೂ ತಾಗುವುದಿಲ್ಲ. ಜೂನ್‌ನ ಆ ಮಳೆಯಲ್ಲಿ ಹತ್ತು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಆಗುತ್ತಿತ್ತು. ಈ ಸಲ ಗೂಟದ ಬದಲು ಕಬ್ಬಿಣದ ಪೈಪು ಹೂತು ಸುತ್ತ ಕಾಂಕ್ರೀಟ್ ಹಾಕಿಸಿದೆವು, ನೆಲದ ಮಟ್ಟಕ್ಕೆ. ಖರ್ಚು ನಾನು ಕೊಟ್ಟೆ. ಮಾಸ್ತರ್ ಬೇಡ ಅನ್ನಲಿಲ್ಲ.

ಹುಡುಗಿ ಈಗ ಬಾಗಲಕೋಟೆಯಲ್ಲಿ ಪಿಯುಸಿ. ಮಾಸ್ತರರ ಮನೆಗೆ ಹತ್ತಿರ. ಬೆಳಿಗ್ಗೆ ಅವರು ಸ್ಟೇಡಿಯಂ ಕಟ್ಟೆ ಮೇಲೆ ಕೂತಿರುತ್ತಾರೆ, ಅವಳು ಓಡುತ್ತಾಳೆ. ಕಳೆದ ಸೀಸನ್‌ನಲ್ಲಿ ಪೂರ್ತಿ 800 ಮೀಟರಿಗೆ 2:20.7 ಬಂತು. ಮೊದಲನೇ ಲ್ಯಾಪ್ 69.8. ಆ ಸಾಲನ್ನು ಮಾಸ್ತರ್ ವಹಿಯಲ್ಲಿ ಅವಳ ಕೈಯಿಂದಲೇ ಬರೆಸಿದ್ದಾರೆ, ಜಮಾ ಕಡೆ.

ಭಾನುವಾರ ಸಂಜೆ ನನಗೆ ಫೋನ್ ಬರುತ್ತದೆ. ನಮಸ್ಕಾರ ಅನ್ನುವ ಮೊದಲೇ ಕೇಳುತ್ತಾರೆ.

"ಗೂಟ ಅಲ್ಲೇ ಅದಾವೇನೋ?"

"ಅಲ್ಲೇ ಅದಾವ್ರೀ ಸರ್."

"ನೋಡಿ ಹೇಳಾಕತ್ತೀಯೋ, ಸುಮ್ನ ಹೇಳಾಕತ್ತೀಯೋ?"

ನಾನು ಚಪ್ಪಲಿ ಹಾಕಿಕೊಂಡು ಮೈದಾನಕ್ಕೆ ಹೋಗುತ್ತೇನೆ.